ಕರೆಂಟು ಬಂದಾಗ ಯಾವ ಗೇಟ್‌ವಾಲ್ವ್ ತಿರುಗಿಸಬೇಕು?

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಆರನೇ ಸೆಮಿಸ್ಟರ್. ಯುಗಾದಿ ಕಳೆದ ಮೇಲೆ ಫೈನಲ್ ಇಯರ್ ಪ್ರಾಜೆಕ್ಟಿನ ಸಿನಾಪ್ಸಿಸ್ (ಸಾರಾಂಶ) ಕೊಡಬೇಕು. ನಾವು ನಾಲ್ಕು ಜನ. ‘ಐಒಟಿ ಮತ್ತು ಎಐ ಆಧಾರಿತ ಸ್ಮಾರ್ಟ್ ನೀರಾವರಿ ವ್ಯವಸ್ಥೆ’ ಅಂತ ಟೈಟಲ್ ಇಟ್ಟಿದ್ದೇವೆ. ಮಣ್ಣು ಒಣಗಿದ ಕೂಡಲೇ ಮೋಟರು ತಾನಾಗಿ ಆನ್ ಆಗಬೇಕು, ಮೊಬೈಲಿಗೆ ಮೆಸೇಜ್ ಬರಬೇಕು, ಕ್ಯಾಮೆರಾದಿಂದ ಎಲೆಚುಕ್ಕಿ ರೋಗವೂ ಪತ್ತೆಯಾಗಬೇಕು. ನಮ್ಮ ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ, ಬೋರ್‌ವೆಲ್, ಡ್ರಿಪ್ ಇದೆ. ಗೈಡ್ ಹತ್ತಿರ ಹೋದರೆ ‘ಪ್ರತಿ ವರ್ಷ ಎರಡು ಟೀಮು ಇದನ್ನೇ ಮಾಡುತ್ತವೆ, ನಿಮ್ಮದರಲ್ಲಿ ಹೊಸದೇನು?’ ಅಂದರು. ಟಾಪಿಕ್ ಬಿಟ್ಟುಬಿಡಬೇಕೇ? ಇಡೀ ವರ್ಷವನ್ನು ಹೇಗೆ ಪ್ಲಾನ್ ಮಾಡುವುದು?
— ಚನ್ನಗಿರಿ ತಾಲ್ಲೂಕಿನ ಒಬ್ಬ ವಿದ್ಯಾರ್ಥಿ

ಉತ್ತರ: ನನ್ನ ಕ್ಲಾಸಿನ ಹುಡುಗರ ವಯಸ್ಸು ನಿನ್ನದು, ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಟಾಪಿಕ್ ಬಿಡಬೇಡ. ಟೈಟಲ್ ಬಿಡು. ನಿಮ್ಮ ಗೈಡ್ ಕೇಳಿದ್ದು ನ್ಯಾಯವಾಗಿಯೇ ಇದೆ. ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ನಮ್ಮ ಕಾಲೇಜಿನ ಕಾರಿಡಾರಿನಲ್ಲೂ ಥರ್ಮೋಕೋಲ್ ಮೇಲೆ ಪ್ಲಾಸ್ಟಿಕ್ ಹುಲ್ಲು ಅಂಟಿಸಿ, ಪಕ್ಕದಲ್ಲಿ ಮಣ್ಣು ತುಂಬಿದ ಐಸ್‌ಕ್ರೀಂ ಡಬ್ಬಿ ಇಟ್ಟುಕೊಂಡು ನಿಂತಿರುವ ಟೀಮು ಇದ್ದೇ ಇರುತ್ತದೆ. ಡಬ್ಬಿಯಿಂದ ಸೆನ್ಸರ್ ತೆಗೆದರೆ ಪುಟಾಣಿ ಪಂಪು ಗುಂಯ್ ಅನ್ನುತ್ತದೆ, ಚುಚ್ಚಿದರೆ ನಿಲ್ಲುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ನಿಜವಾದ ತೋಟದಲ್ಲಿ ನೀರು ಬಿಡುವುದು ಹೀಗೆ ಅಲ್ಲವೇ ಅಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

‘ಮಣ್ಣು ಒಣಗಿದ ಕೂಡಲೇ ಮೋಟರು ಆನ್’ ಅಂತ ಬರೆದಿದ್ದೀಯ. ಮಣ್ಣು ಮಧ್ಯಾಹ್ನ ಎರಡು ಗಂಟೆಗೆ ಒಣಗಿತು ಅನ್ನು. ಆಗ ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಇರುತ್ತದೆಯೇ? ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ಅಂತ ಲೆಕ್ಕ, ಅದೂ ಪಾಳಿಯಲ್ಲಿ, ಒಂದು ವಾರ ಹಗಲು, ಇನ್ನೊಂದು ವಾರ ನಡುರಾತ್ರಿ. ನಿಮ್ಮಪ್ಪ ಆಟೋ ಸ್ಟಾರ್ಟರ್ ಹಾಕಿಸಿಯೇ ಇರುತ್ತಾರೆ. ಕರೆಂಟು ಬಂದ ಕೂಡಲೇ ಮೋಟರು ತಾನಾಗಿಯೇ ಎತ್ತುತ್ತದೆ. ಅಂದರೆ ನೀವು ನಾಲ್ಕು ಜನ ಒಂದು ವರ್ಷ ಕೂತು ಮಾಡಹೊರಟ ಕೆಲಸ ಆಗಲೇ ಆಗಿಹೋಗಿದೆ, ಗೋಡೆಯ ಮೇಲೆ ನೇತಾಡುತ್ತಿದೆ. ಆಗದೆ ಉಳಿದಿರುವುದು ಬೇರೆ. ಕರೆಂಟು ಬಂದಿದೆ, ಮೋಟರು ಓಡುತ್ತಿದೆ, ಈಗ ಯಾವ ಗೇಟ್‌ವಾಲ್ವ್ ತೆಗೆಯಬೇಕು? ತೋಟದ ಮೇಲಿನ ಪಟ್ಟೆಗೋ, ಹಳ್ಳದ ಕಡೆಯದಕ್ಕೋ? ಎಷ್ಟು ಹೊತ್ತು? ಇದನ್ನು ನಿಮ್ಮಪ್ಪ ಈಗ ನೋಡಿದ ಅಂದಾಜಿನ ಮೇಲೆ, ಅಭ್ಯಾಸದ ಮೇಲೆ ನಡೆಸುತ್ತಾರೆ. ನಿನ್ನ ಪ್ರಾಜೆಕ್ಟು ಇರುವುದು ಅಲ್ಲಿ.

ಲೆಕ್ಕ ಹಾಕಿ ತೋರಿಸುತ್ತೇನೆ. ಅಡಿಕೆಯನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡುತ್ತಾರೆ, ಎಕರೆಗೆ ಸುಮಾರು 550 ಮರ. ಎರಡು ಎಕರೆಗೆ 1,100. ಬೇಸಗೆಯಲ್ಲಿ ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು ಅನ್ನುವುದು ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸು. ಹದಿನೆಂಟು ಅಂತ ಹಿಡಿದರೆ ಒಟ್ಟು ಹತ್ತಿರಹತ್ತಿರ 20,000 ಲೀಟರ್. ಈಗ ಊರಿಗೆ ಹೋದಾಗ 200 ಲೀಟರಿನ ಡ್ರಮ್ಮು ಬೋರ್‌ವೆಲ್ ಪೈಪಿನ ಬಾಯಿಗಿಟ್ಟು ಫೋನಿನ ಸ್ಟಾಪ್‌ವಾಚ್ ಒತ್ತು. ನಾಲ್ಕು ನಿಮಿಷಕ್ಕೆ ತುಂಬಿತು ಅಂದರೆ ಗಂಟೆಗೆ 3,000 ಲೀಟರ್, ಏಳು ಗಂಟೆಗೆ 21,000. ಸರಿಯಾಗಿ ಸಾಕಾಯಿತು! ಆದರೆ ಒಂದು ದಿನ ಎರಡು ಗಂಟೆ ಕರೆಂಟು ಕೈಕೊಟ್ಟರೆ 6,000 ಲೀಟರ್ ಖೋತಾ. ಏಪ್ರಿಲಿನಲ್ಲಿ ಬೋರು ಇಳಿದು ಡ್ರಮ್ಮು ತುಂಬಲು ಆರು ನಿಮಿಷ ಹಿಡಿದರೆ ಮೂರನೇ ಒಂದು ಭಾಗ ತೋಟಕ್ಕೆ ನೀರೇ ಇಲ್ಲ. ಆಗ ಯಾವ ಪಟ್ಟೆಗೆ ಕಡಿಮೆ ಮಾಡಿದರೆ ಹಾನಿ ಕಡಿಮೆ? ಈ ಪ್ರಶ್ನೆಗೆ ಸೆನ್ಸರ್ ಉತ್ತರ ಕೊಡಬಲ್ಲದು, ಆಟೋ ಸ್ಟಾರ್ಟರ್ ಕೊಡಲಾರದು. ಗೈಡ್ ‘ಹೊಸದೇನು’ ಅಂತ ಮತ್ತೆ ಕೇಳಿದರೆ ಈ ಡ್ರಮ್ಮಿನ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಮುಂದಿಡು. ಪಿಪಿಟಿ ಬೇಡ. ನಾನೂ ಒಬ್ಬ ಗೈಡ್ ಆಗಿ ಹೇಳುತ್ತೇನೆ, ಸ್ವಂತ ಅಳತೆ ಹಿಡಿದು ಬಂದ ಹುಡುಗನನ್ನು ವಾಪಸ್ ಕಳಿಸಲು ನಮಗೆ ಮನಸ್ಸಾಗುವುದಿಲ್ಲ.

ಎಲೆಚುಕ್ಕಿ ರೋಗವನ್ನು ಇವತ್ತೇ ಕೈಬಿಡು. ಅದು ಇನ್ನೊಂದು ಪೂರಾ ಪ್ರಾಜೆಕ್ಟು. ಮೂವತ್ತು ನಲವತ್ತು ಅಡಿ ಮೇಲಿರುವ ಗರಿಯ ಫೋಟೋ ತೆಗೆಯುವವರು ಯಾರು? ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರ ಕೈಗೆ ಕ್ಯಾಮೆರಾ ಕೊಡುತ್ತೀರಾ? ‘ಎಐ’ ಕೂಡ ಟೈಟಲಿನಿಂದ ಹೋಗಲಿ. ನಾಲ್ಕು ಸೆನ್ಸರಿನ ಒಂದು ಬೇಸಗೆಯ ರೀಡಿಂಗಿನಿಂದ ಕಲಿಯುವಂಥದ್ದು ಯಾವ ಮಾಡೆಲ್ಲಿಗೂ ಏನೂ ಇರುವುದಿಲ್ಲ. ‘ಯಾವ ಪಟ್ಟೆ ಹೆಚ್ಚು ಒಣಗಿದೆಯೋ ಅದಕ್ಕೆ ಮೊದಲು’ ಅನ್ನುವ ನಿಯಮ ಹತ್ತು ಸಾಲಿನ ಕೋಡು. ಅದನ್ನು ಹತ್ತು ಸಾಲಿನ ಕೋಡು ಅಂತಲೇ ಹೇಳುವುದರಲ್ಲಿ ನಾಚಿಕೆಯಿಲ್ಲ. ವೈವಾದಲ್ಲಿ ‘ಡೇಟಾಸೆಟ್ ಎಷ್ಟು, ಟೆಸ್ಟ್ ಮಾಡಿದ್ದು ಯಾವುದರ ಮೇಲೆ’ ಅಂತ ಎಕ್ಸಾಮಿನರ್ ಕೇಳಿದಾಗ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಇನ್ನು ಕ್ಯಾಲೆಂಡರು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಎಲ್ಲ ಟೀಮುಗಳೂ ಪ್ರಾಜೆಕ್ಟಿನ ಮೊದಲ ಹಂತವಾದ ಫೇಸ್ ಒಂದರಲ್ಲಿ ಬರೀ ಓದಿ, ಪೇಪರ್ ಹುಡುಕಿ, ಬ್ಲಾಕ್ ಡಯಾಗ್ರಂ ಬರೆದು ಮುಗಿಸುತ್ತವೆ. ಸಾಮಾನು ಕೊಳ್ಳುವುದು ಫೇಸ್ ಎರಡರಲ್ಲಿ, ಅಂದರೆ ಏಳನೇ ಸೆಮಿಸ್ಟರಿನಲ್ಲಿ. ಬೇರೆ ಟಾಪಿಕ್ಕಿಗೆ ಇದು ನಡೆಯಬಹುದು, ನಿನಗೆ ನಡೆಯುವುದಿಲ್ಲ. ಏಳನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಚನ್ನಗಿರಿಯಲ್ಲಿ ಮಳೆ. ಅಕ್ಟೋಬರಿನವರೆಗೂ ತೋಟದ ಮಣ್ಣು ಒಣಗುವುದೇ ಇಲ್ಲ. ಒಣಗದ ಮಣ್ಣಿನಲ್ಲಿ ಒಣಗಿದ್ದನ್ನು ಹಿಡಿಯುವ ಯಂತ್ರವನ್ನು ಹೇಗೆ ಪರೀಕ್ಷೆ ಮಾಡುತ್ತೀಯ? ನಿನಗೆ ಬೇಕಾದ ರೀಡಿಂಗ್ ಸಿಗುವುದು ಈಗ, ಈ ಏಪ್ರಿಲ್ ಮೇ ತಿಂಗಳಿನಲ್ಲಿ ಮಾತ್ರ. ಹಾಗಾಗಿ ಸಿನಾಪ್ಸಿಸ್ಸಿಗೆ ಸಹಿ ಬೀಳುವ ಮುಂಚೆಯೇ ನಾಲ್ಕು ಸೆನ್ಸರ್, ಅವನ್ನು ಓದಲು ಪುಟಾಣಿ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್, ಅಂಕಿ ಉಳಿಸಿಡಲು ಒಂದು ಎಸ್‌ಡಿ ಕಾರ್ಡ್ ಮಾಡ್ಯೂಲ್ ತಗೊಂಡು ಯುಗಾದಿ ರಜೆಗೆ ಊರಿಗೆ ಹೋಗು. ಮೊಬೈಲ್ ಆ್ಯಪ್, ವಾಲ್ವ್, ಸರ್ವರ್ ಏನೂ ಇರದಿದ್ದರೂ ಚಿಂತೆಯಿಲ್ಲ. ಅರ್ಧ ಗಂಟೆಗೊಮ್ಮೆ ನಾಲ್ಕು ಅಂಕಿ ಕಾರ್ಡಿಗೆ ಬಿದ್ದರೆ ಸಾಕು. ಜೊತೆಗೆ ಒಂದು ಗೀಟು ಪುಸ್ತಕ ಅಪ್ಪನ ಕೈಗೆ ಕೊಡು. ಯಾವ ದಿನ ಎಷ್ಟು ಹೊತ್ತು ಕರೆಂಟು ಇತ್ತು, ಯಾವ ವಾಲ್ವ್ ಎಷ್ಟು ಹೊತ್ತು ತೆಗೆದಿತ್ತು, ಮಳೆ ಬಂತೇ, ಇಷ್ಟೇ. ಅವರಿಗೆ ಬರೆಯಲು ಪುರುಸೊತ್ತಿಲ್ಲದಿದ್ದರೆ ರಾತ್ರಿ ಫೋನ್ ಮಾಡಿ ಕೇಳಿ ನೀನೇ ಬರೆದುಕೋ. ಸೆಪ್ಟೆಂಬರಿನಲ್ಲಿ ಕ್ಲಾಸಿನವರೆಲ್ಲ ಡಬ್ಬಿ ಮಣ್ಣಿಗೆ ನೀರು ಹೊಯ್ಯುತ್ತಿರುವಾಗ ನಿನ್ನ ಹತ್ತಿರ ಒಂದು ಇಡೀ ಬೇಸಗೆ ಇರುತ್ತದೆ.

ಸೆನ್ಸರ್ ಕೊಳ್ಳುವಾಗ ಎರಡು ಕಾಲಿನ ಕವೆಯಂಥದ್ದು ಬೇಡ. ಅದರಲ್ಲಿ ಕರೆಂಟು ನೇರ ಮಣ್ಣಿನೊಳಗೆ ಹರಿಯುತ್ತದೆ. ಡಿಸಿ ಆದ್ದರಿಂದ ಎಲೆಕ್ಟ್ರಾಲಿಸಿಸ್ ಆಗಿ ಕೆಲವೇ ವಾರದಲ್ಲಿ ಒಂದು ಕಾಲಿನ ಲೇಪ ತಿಂದುಹೋಗುತ್ತದೆ, ರೀಡಿಂಗ್ ಜಾರುತ್ತದೆ, ನೀನು ಮಣ್ಣು ಒಣಗಿತು ಅಂದುಕೊಳ್ಳುತ್ತೀಯ. ಮಣ್ಣಿಗೆ ಕರೆಂಟು ಹರಿಸದ, ಕಪ್ಪು ಪಟ್ಟಿಯ ಕೆಪಾಸಿಟಿವ್ ಸೆನ್ಸರ್ ತಗೋ. ಅದಕ್ಕೂ ಒಂದು ರೋಗವಿದೆ. ಪಟ್ಟಿಯ ಕತ್ತರಿಸಿದ ಅಂಚು ಬರಿದಾಗಿರುತ್ತದೆ, ಅಲ್ಲಿಂದ ನೀರು ಹೀರಿಕೊಳ್ಳುತ್ತದೆ. ಮೇಲ್ಭಾಗದ ಎಲೆಕ್ಟ್ರಾನಿಕ್ ಚಿಪ್ಪುಗಳೂ ತೆರೆದೇ ಇರುತ್ತವೆ. ಅಂಚಿಗೆ ಸುತ್ತಲೂ ಎರಡು ಸಲ ಉಗುರುಬಣ್ಣ ಬಳಿ, ಹೌದು, ತಂಗಿಯದ್ದೇ ಆಗುತ್ತದೆ. ಚಿಪ್ಪು ಇರುವ ಕಡೆ ಎಪಾಕ್ಸಿ ಹಾಕಿ ಮೇಲೆ ಹೀಟ್‌ಶ್ರಿಂಕ್ ಎಳೆ. ಬಳಿದ ಮೇಲೆ ಕ್ಯಾಲಿಬ್ರೇಟ್ ಮಾಡಬೇಕು (ಯಾವ ಅಂಕಿಗೆ ಎಷ್ಟು ತೇವ ಅಂತ ಹೊಂದಿಸಿಕೊಳ್ಳಬೇಕು), ಮೊದಲಲ್ಲ, ಯಾಕೆಂದರೆ ಲೇಪ ಹಾಕಿದರೆ ರೀಡಿಂಗೂ ಅಷ್ಟಿಷ್ಟು ಬದಲಾಗುತ್ತದೆ. ನಾಲ್ಕು ಬೇಕಿದ್ದರೆ ಆರು ತಗೋ.

ಎಷ್ಟು ಆಳಕ್ಕೆ ಹೂಳಬೇಕು? ಸೆನ್ಸರಿನ ಉದ್ದ ಒಂದು ಗೇಣೂ ಇಲ್ಲ. ಮೇಲಿನಿಂದ ಚುಚ್ಚಿದರೆ ಅದು ನೋಡುವುದು ಮೇಲಿನ ನಾಲ್ಕು ಬೆರಳು ಮಣ್ಣನ್ನು, ಅದು ಬಿಸಿಲಿಗೆ ಒಂದೇ ದಿನದಲ್ಲಿ ಒಣಗಿ ಹಿಟ್ಟಾಗುತ್ತದೆ. ಅಡಿಕೆಯ ಹೀರುಬೇರು ಹೆಚ್ಚಿನವು ಮೇಲಿನ ಎರಡು ಅಡಿಯೊಳಗಿವೆ. ಬುಡದಿಂದ ಎರಡಡಿ ದೂರದಲ್ಲಿ, ಡ್ರಿಪ್ಪರಿನ ನೇರ ಕೆಳಗಲ್ಲದೆ ಒಂದು ಗೇಣು ಪಕ್ಕಕ್ಕೆ, ಒಂದಡಿ ಗುಂಡಿ ತೋಡಿ ಗೋಡೆಗೆ ಅಡ್ಡಡ್ಡವಾಗಿ ಚುಚ್ಚಿ ಮಣ್ಣು ಮುಚ್ಚು. ಪಟ್ಟಿಗೂ ಮಣ್ಣಿಗೂ ನಡುವೆ ಗಾಳಿ ಉಳಿದರೆ ರೀಡಿಂಗ್ ಸುಳ್ಳು. ಗುಂಡಿ ಎಲ್ಲಿದೆ ಅಂತ ಗೂಟ ನೆಡಲು ಮರೆಯಬೇಡ, ಕಳೆ ತೆಗೆಯುವವರ ಕುಡುಗೋಲು ವೈರಿಗೆ ದಯೆ ತೋರಿಸುವುದಿಲ್ಲ.

ಅಂಕಿ ಬಂತು, 1,870 ಅಂತ ಇಟ್ಟುಕೋ. ಅದರ ಅರ್ಥವೇನು? ಅದು ತೇವಾಂಶವಲ್ಲ, ಬರೀ ವೋಲ್ಟೇಜಿನ ಗುರುತು, ಅದೂ ತಲೆಕೆಳಗು. ಈ ಸೆನ್ಸರಿನಲ್ಲಿ ಒದ್ದೆಯಾದಷ್ಟೂ ಅಂಕಿ ಇಳಿಯುತ್ತದೆ. ಇದನ್ನು ಶೇಕಡಾವಾರಿಗೆ ತರಲು ನಿಮ್ಮ ಸಿವಿಲ್ ವಿಭಾಗದ ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೋಗು. ಅಲ್ಲಿ ಓವನ್ ಇರುತ್ತದೆ. ನಿಮ್ಮ ತೋಟದ ಒಂದಡಿ ಆಳದ ಮಣ್ಣನ್ನೇ ಚೀಲದಲ್ಲಿ ತಂದು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸು. ಒಣಗಿದ ಒಂದು ಕೆ.ಜಿ. ಮಣ್ಣಿಗೆ 50 ಗ್ರಾಂ ನೀರು ಕಲಸಿ, ಒಂದೇ ಡಬ್ಬಿಗೆ ಒಂದೇ ಮಟ್ಟಕ್ಕೆ ಒತ್ತಿ ತುಂಬಿ, ಸೆನ್ಸರ್ ಚುಚ್ಚಿ ಅಂಕಿ ಬರೆದುಕೋ. ಆಮೇಲೆ 100 ಗ್ರಾಂ, 150, ಹೀಗೆ ಕೆಸರಾಗುವವರೆಗೆ. ಪ್ರತಿ ಸೆನ್ಸರಿಗೂ ಬೇರೆಬೇರೆ ಗ್ರಾಫ್, ಒಂದೇ ಅಂಗಡಿಯ ಎರಡು ಪಟ್ಟಿ ಒಂದೇ ರೀತಿ ಓದುವುದಿಲ್ಲ. ಲ್ಯಾಬಿನ ಅಟೆಂಡರ್ ಅಣ್ಣನನ್ನು ಮೊದಲೇ ಮಾತಾಡಿಸಿಕೊಂಡಿರು. ಪ್ರಾಜೆಕ್ಟ್ ಮುಗಿಯುವುದು ಪ್ರೊಫೆಸರರಿಗಿಂತ ಹೆಚ್ಚಾಗಿ ಅವರ ಕೃಪೆಯಿಂದ.

ಬೋರ್ಡಿನ ವಿಷಯ ಎರಡೇ ಮಾತು. ಇಎಸ್‌ಪಿ32ರಲ್ಲಿ ವೋಲ್ಟೇಜನ್ನು ಅಂಕಿಯಾಗಿ ಓದುವ ಪಿನ್ನುಗಳು ಎಡಿಸಿ1, ಎಡಿಸಿ2 ಅಂತ ಎರಡು ಗುಂಪು; ವೈಫೈ ಆನ್ ಆದರೆ ಎಡಿಸಿ2 ಪಿನ್ನುಗಳು ಕೆಲಸ ಮಾಡುವುದಿಲ್ಲ. ಸೆನ್ಸರ್‌ಗಳನ್ನು 32ರಿಂದ 39ರ ನಡುವಿನ ಎಡಿಸಿ1 ಪಿನ್ನುಗಳಿಗೇ ಹಾಕು, ಇಲ್ಲದಿದ್ದರೆ ‘ಲ್ಯಾಬಿನಲ್ಲಿ ಬರುತ್ತಿತ್ತು, ಈಗ ಬರುತ್ತಿಲ್ಲ’ ಅಂತ ಒಂದು ವಾರ ಹಾಳು. ಮತ್ತೆ ಬ್ಯಾಟರಿ: ಬೋರ್ಡು ಸದಾ ಎಚ್ಚರವಾಗಿದ್ದು 100 ಮಿಲಿಆಂಪಿಯರ್ ಎಳೆದರೆ 2,500 ಮಿಲಿಆಂಪಿಯರ್-ಅವರ್ ಸೆಲ್ಲು 25 ಗಂಟೆಯಲ್ಲಿ ಖಾಲಿ. ಅರ್ಧ ಗಂಟೆಗೊಮ್ಮೆ ಎದ್ದು, ಓದಿ, ಮತ್ತೆ ಡೀಪ್ ಸ್ಲೀಪಿಗೆ ಹೋಗುವಂತೆ ಬರೆ. ಬೋರ್ಡಿನ ಮೇಲೆ ಸುಮ್ಮನೆ ಉರಿಯುವ ಎಲ್‌ಇಡಿಯೂ ಕರೆಂಟು ತಿನ್ನುತ್ತದೆ ಅನ್ನುವುದನ್ನು ಮರೆಯಬೇಡ. ಮೆಸೇಜು ಕಳಿಸಲು ಮೊಬೈಲ್ ಸಿಮ್ ಹಾಕುವ ಸಿಮ್800 ಮಾಡ್ಯೂಲ್ ಯೋಚಿಸುತ್ತಿದ್ದರೆ ಅದು 2ಜಿ ಮಾತ್ರ. ಜಿಯೋಗೆ 2ಜಿ ಇಲ್ಲ, ಅದರ ಸಿಮ್ ಹಾಕಿದರೆ ಕೆಲಸವೇ ಮಾಡುವುದಿಲ್ಲ. ಕಳಿಸುವ ಕ್ಷಣದಲ್ಲಿ ಅದು ಎರಡು ಆಂಪಿಯರ್ ತನಕ ಎಳೆಯುತ್ತದೆ, ದುರ್ಬಲ ಸಪ್ಲೈ ಇದ್ದರೆ ರೀಸೆಟ್ ಆಗುತ್ತಲೇ ಇರುತ್ತದೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ತ್ರೀಫೇಸ್ ಮೋಟರಿಗೆ ನೀವು ಕೈ ಹಾಕಬಾರದು. ಅಂಗಡಿಯ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ, ‘ನಮ್ಮದು ಐದು ಎಚ್‌ಪಿ, ಏಳೆಂಟು ಆಂಪಿಯರ್ ತಾನೆ’ ಅಂತ ಧೈರ್ಯ ಬರುತ್ತದೆ. ಮೋಟರು ಎತ್ತುವಾಗ ಅದರ ಐದಾರು ಪಟ್ಟು ಎಳೆಯುತ್ತದೆ, ಅದೂ ಮೂರು ಫೇಸಿನಲ್ಲಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮಾಡುವ ಪ್ರಯೋಗ ಇದಲ್ಲ. ಮೋಟರು ಆಟೋ ಸ್ಟಾರ್ಟರಿನ ಪಾಡಿಗೆ ಇರಲಿ. ನಿನ್ನ ಕೆಲಸ ಕರೆಂಟಿನಿಂದ ತೆರೆದು ಮುಚ್ಚುವ 24 ವೋಲ್ಟಿನ ಸೊಲೆನಾಯ್ಡ್ ವಾಲ್ವಿನದು. ಅಲ್ಲೂ ಒಂದು ಸೂಕ್ಷ್ಮ ಇದೆ. ಒಂದು ಪಟ್ಟೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮೊದಲು ಮುಂದಿನ ವಾಲ್ವ್ ತೆಗೆದು, ನೀರು ಹರಿಯಲು ಬಿಟ್ಟು, ಆಮೇಲೆ ಹಿಂದಿನದನ್ನು ಮುಚ್ಚಬೇಕು. ಕೋಡಿನಲ್ಲಿ ಈ ಎರಡು ಸಾಲು ಹಿಂದುಮುಂದಾದರೆ ಒಂದು ಕ್ಷಣ ಎಲ್ಲ ವಾಲ್ವೂ ಮುಚ್ಚಿ, ಮೋಟರು ಓಡುತ್ತಲೇ ಇದ್ದು, ಪೈಪಿನ ಕೀಲು ಕಳಚಿ ಹಾರುತ್ತದೆ. ನಿಮ್ಮಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅವರ ಕೈಗೇ ಗೊತ್ತು. ಒಂದು ದಿನ ಅವರ ಹಿಂದೆ ಸುಮ್ಮನೆ ತಿರುಗು, ಯಾವುದಾದ ಮೇಲೆ ಯಾವುದನ್ನು ತಿರುಗಿಸುತ್ತಾರೆ, ಯಾಕೆ ಅಂತ ಬರೆದುಕೋ. ಆ ಪುಟವೇ ನಿನ್ನ ಫ್ಲೋಚಾರ್ಟ್.

ವಾಲ್ವ್ ಕೊಳ್ಳಲು ಹಣ ಆಗದಿದ್ದರೂ ಪ್ರಾಜೆಕ್ಟ್ ನಿಲ್ಲುವುದಿಲ್ಲ. ಮನೆಯ ಜಗಲಿಯಲ್ಲಿ ನಾಲ್ಕು ಎಲ್‌ಇಡಿಯ ಒಂದು ಪೆಟ್ಟಿಗೆ. ಕರೆಂಟು ಬಂದಾಗ ಯಾವ ದೀಪ ಉರಿಯುತ್ತದೋ ಆ ಪಟ್ಟೆಗೆ ಮೊದಲು ಅಂತ. ವಾಲ್ವ್ ಅಪ್ಪನೇ ತಿರುಗಿಸಲಿ. ಇದನ್ನು ಮೊದಲ ಗುರಿ ಮಾಡಿಕೊಂಡು ಆಗಸ್ಟ್ ಒಳಗೆ ಮುಗಿಸು, ಸೊಲೆನಾಯ್ಡ್ ಎರಡನೇ ಗುರಿ, ಮೊಬೈಲ್ ಮೆಸೇಜು ಮೂರನೆಯದು. ಎರಡು ಮೂರು ಆಗದೆ ಹೋದರೂ ಕೈಯಲ್ಲಿ ಪೂರ್ತಿಯಾದ ಒಂದು ವಸ್ತು ಇರುತ್ತದೆ. ಅರ್ಧರ್ಧ ಆದ ಐದು ಸಂಗತಿಗಳಿಗೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ.

ಹಣದ ಮಾತು ಬಂತಲ್ಲ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂತ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿದೆ. ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುವ ಅವರ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು. ಡ್ರಮ್ಮಿನ ಲೆಕ್ಕ, ಬೇಸಗೆಯ ರೀಡಿಂಗ್ ಇರುವ ಅರ್ಜಿ ಓದುವವರಿಗೆ ಬೇರೆಯಾಗಿಯೇ ಕಾಣುತ್ತದೆ. ಈ ವರ್ಷದ ತಾರೀಖು ಯಾವುದು ಅಂತ ವಿಭಾಗದ ಪ್ರಾಜೆಕ್ಟ್ ಕೋಆರ್ಡಿನೇಟರನ್ನು ಈಗಲೇ ಕೇಳಿಡು.

ಟೈಟಲ್ ಏನಿಡುವುದು ಅಂತ ಮುಂದಿನ ಪತ್ರದಲ್ಲಿ ಕೇಳಬೇಡ. ‘ಸೀಮಿತ ಅವಧಿಯ ವಿದ್ಯುತ್ತಿನಲ್ಲಿ ಅಡಿಕೆ ತೋಟದ ಪಟ್ಟೆಗಳಿಗೆ ನೀರು ಹಂಚಿಕೆ’ ಅಂತ ಇಡು, ಇಂಗ್ಲಿಷಿಗೆ ಗೈಡ್ ತಿರುಗಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಟೀಮಿನಲ್ಲಿ ಮೂವರಿದ್ದೇವೆ. ಒಬ್ಬಳು ಏನೂ ಕೆಲಸ ಮಾಡುವುದಿಲ್ಲ. ಕೇಳಿದರೆ ‘ರಿಪೋರ್ಟ್ ನಾನು ಟೈಪ್ ಮಾಡ್ತೀನಿ’ ಅಂತಾಳೆ. ಗೈಡ್‌ಗೆ ಹೇಳಬಹುದಾ? ಫ್ರೆಂಡ್‌ಶಿಪ್ ಹಾಳಾಗುತ್ತಾ?
— ಒಬ್ಬ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಹೇಳುವ ಮುಂಚೆ ಒಂದು ಸಲ ನೋಡಮ್ಮ, ಅವಳಿಗೆ ಕೆಲಸ ಬೇಡವೋ ಅಥವಾ ಸಾಲ್ಡರಿಂಗ್ ಕಬ್ಬಿಣ ಹಿಡಿಯಲು ಹೆದರಿಕೆಯೋ ಅಂತ. ‘ಟೈಪ್ ಮಾಡ್ತೀನಿ’ ಅನ್ನುವವರಲ್ಲಿ ಅರ್ಧ ಜನ ಎರಡನೆಯ ಜಾತಿ. ‘ಹಾರ್ಡ್‌ವೇರ್ ನೋಡು’ ಅಂತ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಬುಧವಾರದೊಳಗೆ ಈ ಸೆನ್ಸರಿನ ಹತ್ತು ರೀಡಿಂಗ್ ತೆಗೆದು ಗ್ರಾಫ್ ಹಾಕು’ ಅಂತ ಹೇಳಿ ನೋಡು. ಮಾಡಿದರೆ ಆ ಭಾಗ ಅವಳದೇ, ವೈವಾದಲ್ಲಿ ಅದಕ್ಕೆ ಅವಳೇ ಉತ್ತರ ಕೊಡಬೇಕು. ಮಾಡದಿದ್ದರೆ ಮೊದಲ ರಿವ್ಯೂನಲ್ಲೇ ಗೈಡ್‌ಗೆ ಹೇಳು, ಅವಳ ಎದುರಿಗೇ. ಮಾರ್ಕ್ಸ್ ಬಿದ್ದ ಮೇಲೆ ಬಂದು ಅಳುವವರಿಗೆ ನಾವು ಏನೂ ಮಾಡಲಾಗುವುದಿಲ್ಲ. ಇಷ್ಟಕ್ಕೆಲ್ಲ ಹಾಳಾಗುವ ಸ್ನೇಹ ಹಾಸ್ಟೆಲ್ ಮೆಸ್ ಬಿಲ್ಲಿಗೂ ಹಾಳಾಗುತ್ತಿತ್ತು.

ಪ್ರಶ್ನೆ: ಮಗ ಪ್ರಾಜೆಕ್ಟಿಗೆ 25,000 ರೂಪಾಯಿ ಕೇಳುತ್ತಿದ್ದಾನೆ. ಬೆಂಗಳೂರಿನಲ್ಲಿ ಯಾವುದೋ ಸೆಂಟರ್‌ನವರು ಎಲ್ಲ ಮಾಡಿಕೊಡುತ್ತಾರಂತೆ. ಕೊಡಬೇಕೇ? ನನಗೆ ಇವೆಲ್ಲ ತಿಳಿಯುವುದಿಲ್ಲ.
— ಒಬ್ಬ ತಂದೆ, ತುಮಕೂರು

ಉತ್ತರ: ಕೊಡಬೇಡಿ ಸರ್. ಮಾಡಿಕೊಟ್ಟ ಪ್ರಾಜೆಕ್ಟನ್ನು ನಾವು ಐದು ನಿಮಿಷದಲ್ಲಿ ಗುರುತು ಹಿಡಿಯುತ್ತೇವೆ. ‘ಈ ರೆಸಿಸ್ಟರ್ ಯಾಕೆ ಹಾಕಿದೆ’ ಅಂತ ಒಂದು ಪ್ರಶ್ನೆ ಸಾಕು. ಮೇಲೆ, ಅದೇ ಪೆಟ್ಟಿಗೆ ಅದೇ ವರ್ಷ ಇನ್ನೊಂದು ಕಾಲೇಜಿಗೂ ಹೋಗಿರುತ್ತದೆ. ಮಗನಿಗೆ ಬಯ್ಯಬೇಡಿ, ಅವನ ಕ್ಲಾಸಿನ ಬಹಳ ಜನ ಹಾಗೆ ಮಾಡುತ್ತಿರಬಹುದು, ಅವನಿಗೆ ಅದೇ ದಾರಿ ಅನ್ನಿಸಿದೆ. ಯಾವ ಸಾಮಾನು, ಎಷ್ಟು, ಏನು ಬೆಲೆ ಅಂತ ಅವನ ಕೈಯಲ್ಲೇ ಪಟ್ಟಿ ಬರೆಸಿ. ಅದರಲ್ಲಿ ‘ಕೋಡ್, ರಿಪೋರ್ಟ್, ಪಿಪಿಟಿ’ ಅನ್ನುವ ಸಾಲುಗಳಿಗೆ ಗೆರೆ ಎಳೆಯಿರಿ. ಉಳಿದದ್ದು ಸಾಮಾನ್ಯವಾಗಿ ಕೆಲವು ಸಾವಿರದೊಳಗೆ ಬರುತ್ತದೆ, ಟೀಮಿನವರು ಹಂಚಿಕೊಂಡರೆ ಇನ್ನೂ ಕಡಿಮೆ. ಆ ಹಣ ಖಂಡಿತ ಕೊಡಿ. ಸಾಧ್ಯವಾದರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ನೀವೂ ಅವನ ಜೊತೆ ಹೋಗಿಬನ್ನಿ. ಭಾನುವಾರ ಮಾತ್ರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.